ಎದುರು ಬೆಂಚಿನ ಟೇಸಿ

ಟೇಸಿ ಹ್ಯಾಮ್ಟನ್ ತೀರಿಕೊಂಡಾಗ ಬೀಚ್ ಹಾಲೋ ಶಾಲೆಯವರು ಅವಳ ಬಗ್ಗೆ ಒಂದು ಪುಟ ಬರೆದು ಸಭೆಯಲ್ಲಿ ಓದಿದರು. ಚೆನ್ನಾಗಿಯೇ ಬರೆದಿದ್ದರು. ಅವಳ ಬ್ರೆಡ್ಡು, ಅವಳ ತಾಳ್ಮೆ, ಅವಳು ಕಾಯಿಸುತ್ತಿದ್ದ ಮೇಪಲ್ ಪಾಕ, ಜ್ವರ ಬಂದ ಮಕ್ಕಳ ಹಣೆಯ ಮೇಲೆ ಅವಳು ಇಡುತ್ತಿದ್ದ ಒದ್ದೆ ಬಟ್ಟೆ, ಎಲ್ಲವೂ ಇತ್ತು. ಅವಳ ಮನೆಯ ಸುದ್ದಿ ಮಾತ್ರ ಇರಲಿಲ್ಲ. ಓದಿ ಮುಗಿಸಿದ ಮೇಲೆ ಎಲ್ಲರೂ ತಲೆ ತಗ್ಗಿಸಿ ಮೌನವಾಗಿ ಕೂತರು. ನನಗೆ ಮೈಯೆಲ್ಲ ಉರಿದುಹೋಯಿತು. ಹಾಗಾಗಿ ಉಳಿದದ್ದನ್ನು ನಾನು ಹೇಳುತ್ತೇನೆ.

ನಾನು ಅವರ ಪೈಕಿ ಅಲ್ಲ. ಒಹಾಯೋದ ಈ ಗುಡ್ಡಗಳಲ್ಲಿ ಒಂದು ಮಗ್ಗುಲಿಗೆ ಮೌನವಾಗಿ ಕೂತು ಪ್ರಾರ್ಥಿಸುವ ಕ್ವೇಕರ್ ಪಂಥದವರ ಹೊಲಗಳಿದ್ದರೆ ಇನ್ನೊಂದು ಮಗ್ಗುಲಿಗೆ ಕಲ್ಲಿದ್ದಲಿನ ಗಣಿಗಳು. ನಾನು ಗಣಿ ಕಡೆಯವಳು, ಸ್ಲೋವಾಕ್ ಮನೆತನ, ಕ್ಯಾಥೊಲಿಕ್ ಹುಟ್ಟು. ಹೆಸರು ಲುಡ್ಮಿಲಾ, ಎಲ್ಲರ ಬಾಯಲ್ಲಿ ಲುಡಿ. ಆ ಶಾಲೆಯ ಬಟ್ಟೆ ಒಗೆಯುವ ಕೋಣೆಗೆ ಕೆಲಸಕ್ಕೆ ಸೇರಿದಾಗ ನನ್ನ ಜಡೆ ಸೊಂಟ ಮುಟ್ಟುತ್ತಿತ್ತು, ಬಿಡುವಾಗ ಹೆಣೆಯುವಷ್ಟು ಕೂದಲೇ ಉಳಿದಿರಲಿಲ್ಲ. ಅಷ್ಟು ವರ್ಷ ಆ ಮೌನದ ಜನರ ನಡುವೆ ಇದ್ದರೂ ನನ್ನ ಬಾಯಿಗೆ ಅವರ ಗಾಳಿ ಸೋಕಲಿಲ್ಲ. ಟೇಸಿ ನಗುತ್ತಿದ್ದಳು. “ನೀನು ಉಸಿರು ತಗೊಳ್ಳೋಕೂ ಮಾತಾಡ್ತೀಯ ಕಣೇ ಲುಡಿ,” ಅನ್ನುತ್ತಿದ್ದಳು.

ಟೇಸಿ ಅದೇ ಶಾಲೆಯಲ್ಲಿ ಓದಿದವಳು, ಅದೇ ಶಾಲೆಯ ಹೊಲ ನೋಡಿಕೊಳ್ಳುತ್ತಿದ್ದ ವಿಲ್ಲಿಸ್‌ನನ್ನು ಮದುವೆಯಾದವಳು, ಅದೇ ಶಾಲೆಯ ಅಡುಗೆಮನೆಯಲ್ಲಿ ಕೊನೆಯವರೆಗೂ ಸೌಟು ಹಿಡಿದವಳು. ಗಿಡ್ಡ ಹೆಂಗಸು, ಅಗಲವಾದ ಕೈ. ಬೆಳಿಗ್ಗೆ ಅವಳು ಗಂಟೆ ಹೊಡೆದರೇ ಶಾಲೆಗೆ ಬೆಳಗಾಗುತ್ತಿತ್ತು. ಅರವತ್ತು ಚಿಲ್ಲರೆ ಮಕ್ಕಳು, ಹತ್ತಾರು ಮೇಷ್ಟರುಗಳು, ಎಲ್ಲರೂ ಉದ್ದ ಮೇಜುಗಳ ಮುಂದೆ ನಿಂತು ಕೈಕೈ ಹಿಡಿದು, ಒಂದು ಗಳಿಗೆ ಸುಮ್ಮನಿದ್ದು, ಆಮೇಲೆ ಅವಳ ಗಂಜಿಗೆ ಕೈ ಹಾಕುತ್ತಿದ್ದರು. ಅವರಲ್ಲಿ ಹಿರಿಯ ಕಿರಿಯ ಅನ್ನುವ ಉಪಚಾರವಿಲ್ಲ. ಹೆಡ್‌ಮಾಸ್ಟರನ್ನೂ ಹತ್ತು ವರ್ಷದ ಪೋರಿ ಹೆಸರು ಹಿಡಿದೇ ಕರೆಯುತ್ತಾಳೆ. ಮೊದಮೊದಲು ನನಗೆ ನಾಲಿಗೆ ಹೊರಳುತ್ತಿರಲಿಲ್ಲ, ಆಮೇಲೆ ರೂಢಿಯಾಯಿತು.

ಟೇಸಿಯ ಮನೆ ಮೇಪಲ್ ತೋಪಿನ ಅಂಚಿನಲ್ಲಿತ್ತು. ಕಲ್ಲಿನ ಗೋಡೆ, ಕೆಳಗೆ ಒಂದು ಕೋಣೆ, ಮೇಲೆ ಎರಡು. ಶಾಲೆಯವರೇ ಯಾವ ಕಾಲದಲ್ಲೋ ಕಟ್ಟಿದ್ದು. ಮಾರ್ಚ್ ತಿಂಗಳು ಬಂದರೆ ಆ ಮನೆಯೇ ಶಾಲೆ. ರಾತ್ರಿ ಹೆಪ್ಪುಗಟ್ಟಿ ಹಗಲು ಕರಗುವ ದಿನಗಳವು. ಮರಕ್ಕೆ ತೂತು ಕೊರೆದು ತಗಡಿನ ಬಕೆಟ್ ತೂಗುಹಾಕಿದರೆ ರಸ ತೊಟ್ಟಿಕ್ಕುತ್ತದೆ. ಪಾಠ ಅರ್ಧಕ್ಕೇ ಬಿಟ್ಟು ಮಕ್ಕಳು ಬಕೆಟ್ ಹೊತ್ತು ಕೆಸರಿನಲ್ಲಿ ಜಾರಿ ಬೀಳುತ್ತಾ ಬರುತ್ತಿದ್ದರು, ಅವರ ಆ ಕೆಸರಿನ ಪ್ಯಾಂಟುಗಳೆಲ್ಲ ನನ್ನ ಪಾಲಿಗೆ. ಹಿತ್ತಲ ಗುಡಿಸಲಿನಲ್ಲಿ ಅಗಲ ಬಾಣಲೆಗಳಲ್ಲಿ ರಸ ಕುದಿಸಿ ಕುದಿಸಿ ಪಾಕ ಮಾಡುವುದು ಟೇಸಿಯ ಕೆಲಸ. ಮೊದಲ ಸೌಟು ಹದಕ್ಕೆ ಬಂದಾಗ ಅದನ್ನು ಹೊರಗಿನ ಹಿಮದ ಮೇಲೆ ಸುರಿಯುತ್ತಿದ್ದಳು. ಅದು ಗಟ್ಟಿಯಾಗಿ ಮಿಠಾಯಿ ಆಗುತ್ತಿತ್ತು. ಮೊದಲ ತುಂಡು ಲಿಂಡ್ಲಿಯ ಬಾಯಿಗೆ, ಆಮೇಲೆ ಮಕ್ಕಳಿಗೆ.

ಈ ಲಿಂಡ್ಲಿ ಯಾರು ಅಂದರೆ ಲೆಕ್ಕದ ಮೇಷ್ಟರು. ನಿವೃತ್ತಿಯಾದ ಮೇಲೆ ಶಾಲೆಯ ಸಭೆಗೆ ಕ್ಲರ್ಕ್ ಆದ. ಕ್ಲರ್ಕ್ ಅಂದರೆ ನಮ್ಮ ಗಣಿ ಕಚೇರಿಯ ಗುಮಾಸ್ತನ ಹಾಗಲ್ಲ. ಅವರಲ್ಲಿ ಮತ ಹಾಕುವುದಿಲ್ಲ, ಕೈ ಎತ್ತುವುದಿಲ್ಲ, ಒಬ್ಬರು ಬೇಡ ಅಂತ ಪಟ್ಟು ಹಿಡಿದರೂ ತೀರ್ಮಾನ ಅಲ್ಲೇ ನಿಲ್ಲುತ್ತದೆ. ಎಲ್ಲರೂ ಮೌನವಾಗಿ ಕೂತು, ಹೇಳಬೇಕು ಅನ್ನಿಸಿದವರು ಎದ್ದು ಹೇಳಿ, ಮತ್ತೆ ಮೌನವಾಗುತ್ತಾರೆ. ಆ ಸಭೆಯ ಮನಸ್ಸು ಯಾವ ಕಡೆ ವಾಲಿತು ಅಂತ ಗ್ರಹಿಸಿ ಬರೆಯುವವನು ಕ್ಲರ್ಕ್. ಅವನು ತನ್ನ ಅಭಿಪ್ರಾಯ ಹೇಳುವ ಹಾಗಿಲ್ಲ. ಹೇಳಲೇಬೇಕು ಅನ್ನಿಸಿದರೆ ಮೇಜು ಬಿಟ್ಟು ಎದ್ದು, ಬೇರೆಯವರನ್ನು ಅಲ್ಲಿ ಕೂರಿಸಿ, ಬಂದು ಬೆಂಚಿನ ಬಳಿ ನಿಂತು ಹೇಳಬೇಕು. ಶಾಲೆಗೆ ಪಿಯಾನೋ ತರಬೇಕೇ ಬೇಡವೇ ಎಂಬ ಚರ್ಚೆಯ ದಿನ ಲಿಂಡ್ಲಿ ಹಾಗೆಯೇ ಎದ್ದು ಬಂದು, ಪಿಯಾನೋ ಬಂದರೆ ಮಕ್ಕಳ ಕಿವಿಗೆ ಮೌನ ರುಚಿಸುವುದಿಲ್ಲ ಅಂತ ಊಟದ ಹೊತ್ತು ಮೀರುವವರೆಗೆ ಮಾತಾಡಿದ. ನಾನು ಬಾಗಿಲಲ್ಲಿ ನಿಂತು ಕೇಳಿದ್ದೇನೆ. ಕೊನೆಗೆ ಅವನೇ ಪಟ್ಟು ಸಡಿಲಿಸಿದ, ಪಿಯಾನೋ ಬಂತು.

ಲಿಂಡ್ಲಿ ಹೆಂಡತಿಯನ್ನು ಕಳೆದುಕೊಂಡ ಮೇಲೆ ಭಾನುವಾರದ ಊಟಕ್ಕೆ ಟೇಸಿಯ ಮನೆಗೇ ಬರುತ್ತಿದ್ದ. ಸಭಾಮನೆಯಲ್ಲೂ ಅವರಿಬ್ಬರದು ಒಂದೇ ಬೆಂಚು. ಹಿರಿಯರು ಜನರ ಕಡೆಗೆ ಮುಖ ಮಾಡಿ ಕೂರುವ ಎದುರು ಬೆಂಚು ಅದು. ಒಂದು ಕಾಲದಲ್ಲಿ ತುಂಬಿ ತುಳುಕುತ್ತಿತ್ತಂತೆ. ನಾನು ನೋಡುವ ಹೊತ್ತಿಗೆ ಒಬ್ಬೊಬ್ಬರೇ ಮಣ್ಣಾಗಿ, ಇವರಿಬ್ಬರೇ ಉಳಿದಿದ್ದರು. ಮೌನ ಸಾಕಾಯಿತು ಅನ್ನಿಸಿದಾಗ ಲಿಂಡ್ಲಿ ಟೇಸಿಯ ಕಡೆ ತಿರುಗಿ ಕೈ ಕುಲುಕುತ್ತಿದ್ದ. ಅಷ್ಟಾದರೆ ಪ್ರಾರ್ಥನೆ ಮುಗಿದ ಹಾಗೆ. ಆಮೇಲೆ ಎಲ್ಲರೂ ಅಕ್ಕಪಕ್ಕದವರ ಕೈ ಕುಲುಕಿ ಏಳುತ್ತಿದ್ದರು. ಪಾದ್ರಿ ಇಲ್ಲ, ಗಂಟೆ ಇಲ್ಲ, ಆಮೆನ್ ಇಲ್ಲ. ಆ ಎರಡು ಕೈ ಸೇರುವವರೆಗೆ ಮಕ್ಕಳು ಅಲ್ಲಾಡುವ ಹಾಗಿಲ್ಲ. ಎಷ್ಟೋ ಮಕ್ಕಳು ಕಣ್ಣು ಮುಚ್ಚಿದ ಹಾಗೆ ನಟಿಸಿ ಟೇಸಿಯ ಬಲಗೈಯನ್ನೇ ನೋಡುತ್ತಿದ್ದದ್ದು ನನಗೆ ಗೊತ್ತು.

ಈಗ ಮನೆಯ ವಿಷಯ. ಒಂದು ಮಾರ್ಚಿನಲ್ಲಿ ವಿಲ್ಲಿಸ್ ರಸದ ಪೀಪಾಯಿ ಎಳೆಯುತ್ತಾ ಎದೆ ಹಿಡಿದುಕೊಂಡು ಮೇಪಲ್ ಬುಡದಲ್ಲೇ ಕುಸಿದ. ಮಣ್ಣು ಮಾಡಿ ಬಂದ ಸಂಜೆ ಆಗಿನ ಹೆಡ್‌ಮಾಸ್ಟರ್ ಆಲ್ಫರ್ಡ್, ಜೊತೆಗೆ ಲಿಂಡ್ಲಿ, ಇಬ್ಬರೂ ಟೇಸಿಯ ಮನೆಗೆ ಬಂದರು. ಮನೆ ಹೊಲದ ಆಳಿನದು. ಹೊಲದ ಆಳೇ ಹೋದ. ಐಯೋವಾದಿಂದ ಅಕ್ಕ ಬಾ ಅಂತ ಕರೆದಿದ್ದಾಳೆ, ಹೋಗುತ್ತೇನೆ ಅಂತ ಟೇಸಿ ಪೆಟ್ಟಿಗೆ ತೆಗೆದಿಟ್ಟಿದ್ದಳು. ಆಲ್ಫರ್ಡ್ ಹೇಳಿದನಂತೆ: “ಪೆಟ್ಟಿಗೆ ಒಳಗಿಡು, ಟೇಸಿ. ನಿನ್ನ ಉಸಿರಿರೋವರೆಗೂ ಈ ಮನೆ ನಿಂದು. ಇದು ಶಾಲೆ ಮಾತು.” ಒಲೆಯ ಹತ್ತಿರ ನಿಂತಿದ್ದ ಲಿಂಡ್ಲಿ “ಹೌದು” ಅಂದನಂತೆ. ಟೇಸಿ ಅಕ್ಕನಿಗೆ ಬರುವುದಿಲ್ಲ ಅಂತ ಹೇಳಿ ಕಳಿಸಿದಳು.

ಮಾರನೆಯ ದಿನ ಅವಳು ನನಗೆ ಇದನ್ನು ಹೇಳಿದಾಗ ನಾನು ಮೊದಲು ಕೇಳಿದ್ದು ಒಂದೇ. “ಬರೆಸ್ಕೊಂಡ್ಯಾ?”

“ಏನು ಬರೆಸ್ಕೊಳ್ಳೋದು?”

“ಕಾಗದ ಕಣೇ. ಸಹಿ, ಮೊಹರು. ನಾಳೆ ಆಲ್ಫರ್ಡ್ ಗೊಟಕ್ ಅಂದ್ರೆ?”

ಟೇಸಿ ನನ್ನನ್ನು ತನ್ನ ಹಾಲಿಗೆ ನೊಣ ಹಾಕಿದವಳ ಹಾಗೆ ನೋಡಿದಳು. “ಅವರ ಕೈಲಿ ಬರೆಸ್ಕೊಂಡ್ರೆ, ಬರೆಯದೆ ಆಡಿದ ಮಾತೆಲ್ಲ ಸುಳ್ಳು ಅಂದ ಹಾಗಾಯ್ತಲ್ಲ ಲುಡಿ. ನಾವು ಕೋರ್ಟಿನಲ್ಲೂ ಆಣೆ ಇಡಲ್ಲ. ಇವತ್ತು ಆಣೆ ಇಟ್ಟು ನಿಜ ಹೇಳ್ತೀನಿ ಅಂದ್ರೆ, ನಿನ್ನೆ ಹೇಳಿದ್ದೇನು?”

“ನಮ್ ಗಣಿಯವರಂತೂ ಆಣೆ ಇಟ್ಟೂ ಸುಳ್ಳು ಹೇಳ್ತಾರಮ್ಮ,” ಅಂದೆ. ಅವಳು ನಕ್ಕಳು. ಕಾಗದದ ಮಾತು ಅಲ್ಲಿಗೇ ನಿಂತಿತು.

ಆಲ್ಫರ್ಡ್ ತೀರಿಕೊಂಡ. ಅವನ ನಂತರ ಬಂದ ಹೆಡ್‌ಮಾಸ್ಟರುಗಳೂ ಒಬ್ಬರ ಹಿಂದೆ ಒಬ್ಬರು ಶಾಲೆ ಬಿಟ್ಟು ಹೋದರು. ಮಕ್ಕಳು ಕಡಿಮೆಯಾದರು. ಕೊನೆಗೆ ಫಿಲಡೆಲ್ಫಿಯಾದಿಂದ ಗ್ರೇಡನ್ ಎಂಬವನು ಬಂದ. ಉದ್ದ ಕಾಲಿನ, ಬೇಗ ನಗುವ ಮನುಷ್ಯ. ಅವನು ಬಂದ ವರ್ಷವೇ ಮಕ್ಕಳು ಹೆಚ್ಚಾದರು. ಸೋರುವ ಮಾಡಿಗೆ ತಾನೇ ಏಣಿ ಹಾಕಿ ಹತ್ತಿದ. ಅವನ ಮೇಲೆ ನನಗೆ ಈಗಲೂ ಸಿಟ್ಟಿಲ್ಲ. ಅವನಿಗೆ ಹೆಂಡತಿ ನ್ಯಾನ್, ಎಳೆ ಮಗು. ಅವರನ್ನು ಗಂಡು ಹುಡುಗರ ಹಾಸ್ಟೆಲಿನ ಮೇಲಿನ ಕೋಣೆಗಳಲ್ಲಿ ಇರಿಸಿದ್ದರು. ಕೆಳಗೆ ಹುಡುಗರ ಕುಸ್ತಿ, ಮೇಲೆ ಮಗುವಿನ ಅಳು. ನ್ಯಾನ್ ಕಣ್ಣ ಕೆಳಗೆ ಕಪ್ಪಾಗಿ, ಮಗುವಿನ ಬಟ್ಟೆಯ ಬುಟ್ಟಿ ಹೊತ್ತು ನನ್ನ ಕೋಣೆಗೆ ಬಂದಾಗಲೆಲ್ಲ ಕೂತಲ್ಲೇ ತೂಕಡಿಸುತ್ತಿದ್ದಳು. ಗ್ರೇಡನ್ ತೋಪಿನ ಅಂಚಿನ ಕಲ್ಲುಮನೆ ಕೇಳಿದ್ದರಲ್ಲಿ ಆಶ್ಚರ್ಯವೇನೂ ಇರಲಿಲ್ಲ. ಆ ಮನೆಯ ಮೇಲೆ ಒಂದು ಮಾತು ನಿಂತಿದೆ ಅಂತ ಅವನಿಗೆ ಯಾರು ಹೇಳಿದ್ದರು?

ಅಕ್ಟೋಬರಿನಲ್ಲಿ ಸೇಬು ಹಿಂಡುವ ದಿನ ನಮಗೆ ವಿಷಯ ತಿಳಿಯಿತು. ಅಂಗಳದಲ್ಲಿ ಮಕ್ಕಳು ಗಾಣದ ಹಿಡಿಕೆಗೆ ಜೋತುಬಿದ್ದು ಕಿರುಚುತ್ತಿದ್ದರು, ಜೇನ್ನೊಣ ಮುತ್ತಿಕೊಂಡಿದ್ದವು. ಟೇಸಿಯೂ ನಾನೂ ಅಡುಗೆಮನೆಯಲ್ಲಿ ಸೇಬು ಹೆಚ್ಚಿ, ಬ್ರೆಡ್ಡಿಗೆ ಹಚ್ಚುವ ಲೇಹ್ಯಕ್ಕೆ ಹಾಕುತ್ತಿದ್ದೆವು. ಲಿಂಡ್ಲಿ ಒಳಗೆ ಬಂದು ಟೋಪಿ ತೆಗೆದು, ಅದರ ಅಂಚನ್ನೇ ತಿರುಗಿಸುತ್ತಾ ನಿಂತ.

“ಗ್ರೇಡನ್ ನಿನ್ನ ಮನೆ ಕೇಳ್ತಿದ್ದಾನೆ, ಟೇಸಿ. ಮುಂದಿನ ಸಭೆಗೆ ಬರುತ್ತೆ.”

ಟೇಸಿ ಚಾಕು ನಿಲ್ಲಿಸಲಿಲ್ಲ. “ಬರ್ಲಿ. ಆಲ್ಫರ್ಡ್ ಏನು ಹೇಳಿದ್ದ ಅಂತ ನೀನು ಹೇಳಿದ್ರಾಯ್ತು. ಆಮೇಲೆ ಏನ್ಮಾಡ್ಬೇಕು ಅಂತ ಎಲ್ಲಾ ಕೂತು ನೋಡೋಣ.”

“ಹೇಳ್ತೀನಿ.”

“ನಾನೇ ಎದ್ದು ನನ್ನ ಪರ ಹೇಳ್ಕೊಂಡ್ರೆ ಚೆನ್ನಾಗಿರಲ್ಲ.”

“ನೀನ್ಯಾಕೆ ಹೇಳ್ಬೇಕು? ನಾನಿದ್ದೀನಲ್ಲ, ಟೇಸಿ.”

ಹೋಗುವಾಗ ಬಿಸಿ ಲೇಹ್ಯದ ಒಂದು ಜಾಡಿ ಕೊಟ್ಟಳು. ಅವನು ಎರಡೂ ಕೈಯಲ್ಲಿ ಹಿಡಿದುಕೊಂಡು ಹೋದ. ನಾನು ಟೇಸಿಗೆ, “ಇವನ ಮುಖ ಯಾಕೋ ಸರಿ ಇಲ್ಲ ಕಣೇ,” ಅಂದೆ. “ನಿಂಗೆ ಕ್ವೇಕರರ ಮುಖ ಓದಕ್ಕೆ ಇನ್ನೂ ಬರಲ್ಲ,” ಅಂದಳು.

ಸಭೆ ಸೇರಿತು. ನಮ್ಮಂಥ ಕೆಲಸದವರೂ ಹಿಂದಿನ ಬೆಂಚಿನಲ್ಲಿ ಕೂರಬಹುದು. ಟೇಸಿ ನನ್ನ ಪಕ್ಕ ಕೂತಳು. ಲಿಂಡ್ಲಿ ಮುಂದೆ ಮೇಜಿನ ಬಳಿ. ಗ್ರೇಡನ್ ಎದ್ದು ಸಂಕೋಚದಿಂದಲೇ ಕೇಳಿದ. ಹೆಂಡತಿಗೆ ನಿದ್ದೆ ಇಲ್ಲ, ಮಗುವಿಗೆ ಜಾಗ ಇಲ್ಲ, ಬಂದ ಪೋಷಕರನ್ನು ಕೂರಿಸುವುದಕ್ಕೂ ಮನೆ ಇಲ್ಲ, ಟೇಸಿಗೆ ತೊಂದರೆಯಾಗದ ಹಾಗೆ ಏನಾದರೂ ದಾರಿ ಇದ್ದರೆ ನೋಡಿ ಅಂದ. ಒಬ್ಬಳು ಟೀಚರ್ ಎದ್ದು, ಹುಡುಗಿಯರ ಹಾಸ್ಟೆಲಿನ ಮೇಲೆ ಒಂದು ಕೋಣೆ ಖಾಲಿ ಇದೆ, ಅಡುಗೆಮನೆಗೂ ಹತ್ತಿರ, ಟೇಸಿಗೆ ಚಳಿಗಾಲದಲ್ಲಿ ಹಿಮ ತುಳಿದು ಬರುವ ಕಷ್ಟ ತಪ್ಪುತ್ತದೆ ಅಂದಳು. ಇನ್ನೊಬ್ಬ, ಮನೆ ಯಾರದೂ ಅಲ್ಲ, ಶಾಲೆಯದು ಅಂದ. ಎಲ್ಲ ಮೆತ್ತಗಿನ ಮಾತು. ಪ್ರತಿ ಮಾತಿನ ನಂತರ ಮೌನ. ಮೌನ ಆದಾಗಲೆಲ್ಲ ಟೇಸಿ ಮುಖ ಎತ್ತಿ ಲಿಂಡ್ಲಿಯನ್ನು ನೋಡುತ್ತಿದ್ದಳು. ಅವನು ಮೇಜಿನ ಮೇಲಿನ ಹಾಳೆಯನ್ನು ನೋಡುತ್ತಿದ್ದ.

ನನಗೆ ತಡೆಯಲಾಗಲಿಲ್ಲ. ಎದ್ದುನಿಂತೆ. “ಲಿಂಡ್ಲಿ, ಅವತ್ತು ಅಡುಗೆಮನೇಲಿ ಹೇಳ್ತೀನಿ ಅಂದ್ಯಲ್ಲ, ಅದನ್ನ ಇಲ್ಲಿ ಹೇಳು.”

ಎಲ್ಲರೂ ತಿರುಗಿ ನೋಡಿದರು. ಲಿಂಡ್ಲಿ ಮೆಲ್ಲಗೆ, “ಮೇಜಿನ ಹಿಂದೆ ಕೂತೋನಿಗೆ ಸ್ವಂತ ಮಾತಿಲ್ಲ, ಲುಡಿ,” ಅಂದ.

“ಪಿಯಾನೋಗೆ ಎದ್ದು ಬಂದಿದ್ದೆ! ಒಂದು ಪಿಯಾನೋ ಪೆಟ್ಟಿಗೆಗೆ ಇದ್ದ ಬೆಲೆ ಇವಳಿಗಿಲ್ವಾ?”

ನಮ್ಮೂರಿನಲ್ಲಾಗಿದ್ದರೆ ಅಲ್ಲೇ ನಾಲ್ಕು ಜನ ಎದ್ದು ಜಗಳಕ್ಕೆ ನಿಲ್ಲುತ್ತಿದ್ದರು, ನಿಜವೋ ಸುಳ್ಳೋ ಹೊರಗೆ ಬರುತ್ತಿತ್ತು. ಇಲ್ಲಿ ಲಿಂಡ್ಲಿ, “ಸ್ನೇಹಿತರೆ, ಸ್ವಲ್ಪ ಹೊತ್ತು ಮೌನವಾಗಿ ಕೂರೋಣ,” ಅಂದ. ಎಲ್ಲರೂ ತಲೆ ತಗ್ಗಿಸಿದರು. ಹತ್ತಿಮೂಟೆಗೆ ಗುದ್ದಿದ ಹಾಗಾಯಿತು. ಟೇಸಿ ನನ್ನ ಏಪ್ರನ್ನಿನ ಅಂಚು ಎಳೆದಳು. “ಕೂತ್ಕೋ ಲುಡಿ. ಅವನು ಹೇಳ್ತಾನೆ,” ಅಂತ ಪಿಸುಗುಟ್ಟಿದಳು. ಅವಳ ಮುಖದಲ್ಲಿ ಒಂದು ಚೂರೂ ಅನುಮಾನವಿರಲಿಲ್ಲ. ನಾನು ಕೂತೆ.

ಆ ಮೌನದ ಕೊನೆಯಲ್ಲಿ ಲಿಂಡ್ಲಿ ಪೆನ್ನು ಎತ್ತಿಕೊಂಡು ಬರೆದ. ಬರೆದದ್ದನ್ನು ಓದಿದ. ಕಲ್ಲುಮನೆಯನ್ನು ಹೆಡ್‌ಮಾಸ್ಟರನ ಸಂಸಾರಕ್ಕೆ ಕೊಡುವುದು, ಟೇಸಿಯ ದೀರ್ಘ ಸೇವೆಯನ್ನು ಕೃತಜ್ಞತೆಯಿಂದ ನೆನೆದು ಅವಳಿಗೆ ಹಾಸ್ಟೆಲಿನ ಮೇಲಿನ ಕೋಣೆ ಸಿದ್ಧಮಾಡುವುದು, ಇದಕ್ಕೆ ಸಭೆಯ ಮನಸ್ಸು ಒಂದಾಗಿದೆ. “ಸ್ನೇಹಿತರಿಗೆ ಒಪ್ಪಿಗೆಯೇ?” ಅಂತ ಕೇಳಿದ. ಒಪ್ಪಿಗೆ, ಒಪ್ಪಿಗೆ ಅಂತ ಬೆಂಚಿನಿಂದ ಬೆಂಚಿಗೆ ಗೊಣಗು ಹರಿಯಿತು. ಟೇಸಿ ಇನ್ನೂ ಅವನನ್ನೇ ನೋಡುತ್ತಿದ್ದಳು, ಇನ್ನೂ ಕಾಯುತ್ತಿದ್ದಳು. ಬಾಯಿ ಬಿಡಲಿಲ್ಲ. ಬಿಡದ ಬಾಯಿಯನ್ನು ಅವರು ಒಪ್ಪಿಗೆಯ ಲೆಕ್ಕಕ್ಕೆ ಸೇರಿಸಿಕೊಂಡರು.

ಹೊರಗೆ ಬಂದ ಮೇಲೆ ನಾನು ಅವಳ ಮೇಲೇ ಹರಿಹಾಯ್ದೆ. “ನೀನ್ಯಾಕೆ ಸುಮ್ನೆ ಕೂತೆ? ಒಂದು ಮಾತು! ಇಲ್ಲ ಅಂದಿದ್ರೆ ಅಲ್ಲೇ ನಿಂತುಹೋಗ್ತಿತ್ತಲ್ಲ!”

“ನಾನು ಬಾಯಿ ಬಿಟ್ಟಿದ್ರೆ ಅವನನ್ನ ನಂಬಲಿಲ್ಲ ಅಂತಾಗ್ತಿತ್ತು,” ಅಂದಳು.

ಅವತ್ತಿಗೆ ನನಗೆ ಒಂದು ವಿಷಯ ಖಚಿತವಾಯಿತು. ಇವರು ಸುಳ್ಳು ಹೇಳದ ಜನ, ನಿಜ. ಸುಳ್ಳು ಹೇಳಬೇಕಾದ ಜಾಗ ಬಂದರೆ ಸುಮ್ಮನಿದ್ದುಬಿಡುತ್ತಾರೆ.

ಎರಡು ದಿನ ಬಿಟ್ಟು ಲಿಂಡ್ಲಿ ಅಡುಗೆಮನೆಗೆ ಬಂದ. ನಾನು ಒದ್ದೆ ಟವೆಲುಗಳ ರಾಶಿ ಹೊತ್ತು ಹಿಂಬಾಗಿಲಲ್ಲಿದ್ದೆ, ಹೋಗಲಿಲ್ಲ. ಹೋಗಬೇಕು ಅಂತ ಅನ್ನಿಸಲೂ ಇಲ್ಲ.

“ಶಾಲೆ ಉಳೀಬೇಕಲ್ವಾ ಟೇಸಿ,” ಅಂದ. “ಆಲ್ಫರ್ಡ್ ಮಾತು ಎತ್ತಿದ್ರೆ ಸಭೆ ಅಲ್ಲೇ ಸಿಕ್ಕಿಹಾಕ್ಕೊಳ್ತಿತ್ತು. ಗ್ರೇಡನ್ ಬಿಟ್ಟು ಹೋಗ್ತಿದ್ದ. ಅವನು ಹೋದ್ರೆ ಬೀಚ್ ಹಾಲೋ ಮುಚ್ಚಿದ ಹಾಗೇ. ನಂಗೆ ಬೇರೆ ದಾರಿ ಕಾಣ್ಲಿಲ್ಲ.”

ಟೇಸಿ ಹಿಟ್ಟು ನಾದುತ್ತಿದ್ದಳು. “ಗ್ರೇಡನ್ ಹೋಗ್ತೀನಿ ಅಂದಿದ್ನಾ?”

“ಇಲ್ಲ. ಆದ್ರೂ…”

“ನೀನು ನನ್ನನ್ನ ಕೇಳಿದ್ಯಾ?”

ಅವನು ಟೋಪಿಯ ಅಂಚು ತಿರುಗಿಸಿದ.

“ಇದೇ ಮೇಜಿನ ಮುಂದೆ ಕೂತು, ಟೇಸಿ, ಮಗುವಿಗೆ ಜಾಗ ಇಲ್ಲ, ಆಲ್ಫರ್ಡ್ ಮಾತಿನಿಂದ ನಮ್ಮನ್ನ ಬಿಡಿಸು ಅಂದಿದ್ರೆ, ಬೀಗದ ಕೈ ನಾನೇ ನ್ಯಾನ್ ಕೈಲಿ ಇಡ್ತಿದ್ದೆ. ಸಂತೋಷವಾಗಿ ಇಡ್ತಿದ್ದೆ. ನೀನು ಕೇಳ್ಲಿಲ್ಲ. ನಾನಿದ್ದೀನಿ ಅಂದೆ.”

“ನಾನು ಸುಳ್ಳು ಹೇಳ್ಲಿಲ್ಲ.”

“ಇಲ್ಲ. ನೀನು ಏನೂ ಹೇಳ್ಲಿಲ್ಲ.”

ಅಷ್ಟೇ. ಅವಳು ಹಿಟ್ಟನ್ನು ತಿರುಗಿಸಿ ಹಾಕಿ ಮತ್ತೆ ನಾದಿದಳು. ನಾನಾಗಿದ್ದರೆ ಆ ಹಿಟ್ಟಿನ ಮುದ್ದೆ ಅವನ ಮುಖದ ಮೇಲಿರುತ್ತಿತ್ತು.

ನವೆಂಬರಿನಲ್ಲಿ ಮನೆ ಖಾಲಿಯಾಯಿತು. ಮಕ್ಕಳಿಗೆ ಅದೊಂದು ಹಬ್ಬ. ಕುರ್ಚಿ, ಮಂಚ, ಗಡಿಯಾರ ಎಲ್ಲವನ್ನೂ ಸಾಲಾಗಿ ಹೊತ್ತು, ನಗುತ್ತಾ, ಒಬ್ಬರ ಕಾಲು ಒಬ್ಬರು ತುಳಿಯುತ್ತಾ ಸಾಗಿಸಿದರು. “ಇನ್ನು ಮೇಲೆ ನೀನು ನಮ್ಮ ಜೊತೆಗೇ ಇರ್ತೀಯ ಟೇಸಿ!” ಅಂತ ಹುಡುಗಿಯರು ಕುಣಿದರು. ಅವಳು ಅವರಿಗೆ ಕೇಕ್ ಮಾಡಿಕೊಟ್ಟಳು. ಗೂಟದಲ್ಲಿದ್ದ ವಿಲ್ಲಿಸ್‌ನ ಟೋಪಿಯನ್ನು ಮಾತ್ರ ತಾನೇ ತೆಗೆದು ತಲೆಗೆ ಹಾಕಿಕೊಂಡು ಬಂದಳು. ಹೊಸ ಕೋಣೆಯ ಕಿಟಕಿ ನನ್ನ ಬಟ್ಟೆ ಕೋಣೆಯ ತಗಡಿನ ಮಾಡಿಗೆ ಎದುರಾಗಿತ್ತು. ತೋಪು ಕಾಣುತ್ತಿರಲಿಲ್ಲ.

ಚಳಿಗಾಲ ಎಂದಿನಂತೆಯೇ ಬಂತು. ಕೆರೆ ಹೆಪ್ಪುಗಟ್ಟಿತು, ಮಕ್ಕಳು ಜಾರಿದರು, ಒಬ್ಬನ ಹಲ್ಲು ಮುರಿಯಿತು. ಜನವರಿಯಲ್ಲಿ ಶೀತಜ್ವರ ಹಬ್ಬಿತು. ಹಿಂದೆಲ್ಲ ಜ್ವರದ ಮಕ್ಕಳನ್ನು ಕಲ್ಲುಮನೆಯ ಮೇಲಿನ ಕೋಣೆಗಳಲ್ಲಿ ಮಲಗಿಸುತ್ತಿದ್ದರು. ಈ ಸಲ ಟೇಸಿ ಹಾಸ್ಟೆಲಿನ ಮೆಟ್ಟಿಲು ಹತ್ತಿ ಇಳಿದು ಸೂಪು ಕೊಟ್ಟಳು. ಭಾನುವಾರದ ಊಟಕ್ಕೆ ಲಿಂಡ್ಲಿ ಎಲ್ಲರ ಜೊತೆ ದೊಡ್ಡ ಕೋಣೆಯಲ್ಲಿ ಕೂತು ತಿಂದ. ಸಭಾಮನೆಯಲ್ಲಿ ಟೇಸಿ ತನ್ನ ಜಾಗ ಬಿಡಲಿಲ್ಲ. ಎದುರು ಬೆಂಚಿನಲ್ಲಿ, ಅವನ ಬಲಕ್ಕೆ. ವಾರ ವಾರವೂ ಅವನು ಕೈ ನೀಡಿದಾಗ ಕೈ ಕೊಟ್ಟಳು, ಮುಖ ಕೊಡಲಿಲ್ಲ. ಹೊಸ ವರ್ಷದಿಂದ ಗ್ರೇಡನ್‌ನನ್ನೂ ಗೌರವಕ್ಕೆಂದು ಆ ಬೆಂಚಿಗೆ ಕರೆದಿದ್ದರು. ಬೆಂಚು ಬೋಳಾಗಿ ಕಾಣುತ್ತದೆ ಅಂತ ಲಿಂಡ್ಲಿಯೇ ಕರೆದದ್ದು.

ಮಾರ್ಚ್ ಬಂತು. ರಸ ಇಳಿಯಿತು. ಪಾಕ ಕಾಯಿಸಲು ಟೇಸಿ ದಿನಾ ತೋಪಿಗೆ ಹೋಗುತ್ತಿದ್ದಳು, ತನ್ನದೇ ಆಗಿದ್ದ ಅಂಗಳ ದಾಟಿ, ನ್ಯಾನ್ ಒಣಹಾಕಿದ ಬಟ್ಟೆಯ ಕೆಳಗೆ ಬಗ್ಗಿ. ಬಾಗಿಲಿಗೆ ನೀಲಿ ಬಣ್ಣ ಬಳಿದಿದ್ದರು. ಹಿಮದ ಮೇಲೆ ಸುರಿದ ಮೊದಲ ತುಂಡನ್ನು ಆ ವರ್ಷ ಮಗುವಿನ ಬಾಯಿಗೆ ಇಟ್ಟಳು.

ಆ ತಿಂಗಳ ಒಂದು ಭಾನುವಾರ. ನಾನು ಊರಿನ ಚರ್ಚಿನಲ್ಲಿ ಬೆಳಗಿನ ಪೂಜೆ ಮುಗಿಸಿ ಬಂದು, ಊಟಕ್ಕೆ ಕೈಜೋಡಿಸಲು ಇನ್ನೂ ಹೊತ್ತು ಇದ್ದದ್ದರಿಂದ ಸಭಾಮನೆಯ ಹಿಂದಿನ ಬೆಂಚಿನಲ್ಲಿ ಕೂತಿದ್ದೆ. ಟೇಸಿ ಅಡುಗೆಮನೆಯ ಒಲೆಯಲ್ಲಿ ಬೀನ್ಸ್ ಕಾಳು, ಬೆಲ್ಲದ ಪಾಕ, ಹಂದಿಮಾಂಸ ಹಾಕಿದ ದೊಡ್ಡ ಮಡಕೆಗಳನ್ನು ಇಟ್ಟು ಬಂದಿದ್ದಳು. ಪ್ರಾರ್ಥನೆ ಮುಗಿಯುವ ಹೊತ್ತಿಗೆ ಸರಿಯಾಗಿ ಬೆಂದಿರುವುದು ಅವಳ ಲೆಕ್ಕ. ಅವಳ ಕೈಯಲ್ಲಿ ಒಂದು ಮಡಕೆ ತಳ ಹಿಡಿದದ್ದನ್ನು ನಾನು ನೋಡಿರಲಿಲ್ಲ.

ಎಲ್ಲ ಶಾಂತವಾಗಿತ್ತು. ಕೊನೆಕೊನೆಗೆ ಲಿಂಡ್ಲಿ ಎದ್ದು ನಿಂತ. ಬಹಳ ದಿನದಿಂದ ಅವನು ಮಾತಾಡಿರಲಿಲ್ಲ. ಮಕ್ಕಳ ಕಡೆ ನೋಡಿ, “ನೀವು ದೊಡ್ಡೋರಾಗಿ ಹೊರಗೆ ಹೋಗ್ತೀರಿ,” ಅಂದ. “ಅಲ್ಲಿ ಜನ ಆಣೆ ಕೇಳ್ತಾರೆ, ಕಾಗದ ಕೇಳ್ತಾರೆ. ನಮ್ಮಲ್ಲಿ ಆಲ್ಫರ್ಡ್ ಅಂತ ಒಬ್ಬ ಹಿರಿಯ ಇದ್ದ. ಅವನು ಹೌದು ಅಂದ್ರೆ ಹೌದು. ಆ ಮಾತು ಕಲ್ಲಿನಷ್ಟು ಗಟ್ಟಿ. ಅವನ ಶಾಲೆ ಮಕ್ಕಳು ನೀವು. ಅದನ್ನ ಮರೀಬೇಡಿ.” ಕೂತ.

ನಾನು ಟೇಸಿಯನ್ನು ನೋಡಿದೆ. ಅವಳ ಕುತ್ತಿಗೆಯಿಂದ ಕೆಂಪು ಮೇಲಕ್ಕೇರಿ ಕಿವಿ ಮುಟ್ಟಿತು. ಅವಳು ಎರಡೂ ಕೈಗಳನ್ನು ಮಡಿಲಲ್ಲಿ ಒಂದರೊಳಗೆ ಒಂದು ಸೇರಿಸಿಕೊಂಡಳು.

ಸ್ವಲ್ಪ ಹೊತ್ತಾದ ಮೇಲೆ ಲಿಂಡ್ಲಿ ಎಂದಿನಂತೆ ಬಲಕ್ಕೆ ತಿರುಗಿ ಕೈ ನೀಡಿದ. ಟೇಸಿ ಕೈ ಕೊಡಲಿಲ್ಲ. ಅವಳಿಗೆ ಕಾಣಲಿಲ್ಲವೇನೋ ಅಂತ ಅವನು ಇನ್ನಷ್ಟು ಮುಂದಕ್ಕೆ ಚಾಚಿದ. ಅವಳು ನೇರವಾಗಿ ಎದುರಿನ ಕಿಟಕಿ ನೋಡುತ್ತಾ ಕೂತಳು. ಆ ಕೈ ಗಾಳಿಯಲ್ಲಿ ನಿಂತಿತು, ಆಮೇಲೆ ಮೆಲ್ಲಗೆ ಅವನ ಮೊಣಕಾಲಿಗೆ ಮರಳಿತು.

ಪ್ರಾರ್ಥನೆ ಮುಗಿಯಲಿಲ್ಲ. ಮುಗಿಸುವುದು ಹೇಗೆ ಅಂತ ಯಾರಿಗೂ ಗೊತ್ತಿರಲಿಲ್ಲ. ಏಳಲು ಅರ್ಧ ಸರಿದಿದ್ದ ಹುಡುಗರು ಮತ್ತೆ ಹಿಂದಕ್ಕೆ ಒರಗಿದರು. ಮಗು ಕೊಸರಾಡಿತು, ನ್ಯಾನ್ ಅದನ್ನು ತಟ್ಟಿದಳು. ಗೋಡೆ ಗಡಿಯಾರ ಟಿಕ್ ಟಿಕ್ ಅನ್ನುತ್ತಲೇ ಇತ್ತು. ಕಿಟಕಿಯ ಸಂದಿನಿಂದ ಮೊದಲು ಸಿಹಿಯಾಗಿ, ಆಮೇಲೆ ಕಮಟಾಗಿ ಒಂದು ವಾಸನೆ ಬಂತು. ಬೀನ್ಸ್ ಸೀಯುತ್ತಿತ್ತು. ಮಕ್ಕಳು ಮೂಗೆಳೆದು ಒಬ್ಬರನ್ನೊಬ್ಬರು ನೋಡಿದರು. ಎಲ್ಲರೂ ಟೇಸಿಯನ್ನು ನೋಡಿದರು. ಅವಳಿಗೂ ವಾಸನೆ ಬಂದಿತ್ತು, ಮೂಗಿನ ಹೊಳ್ಳೆ ಅದುರಿದ್ದು ನನಗೆ ಕಂಡಿತು. ಆದರೂ ಅಲ್ಲಾಡಲಿಲ್ಲ.

ಲಿಂಡ್ಲಿ ಬಗ್ಗಿ, “ಟೇಸಿ,” ಅಂತ ಪಿಸುಗುಟ್ಟಿದ. ಸೂಜಿ ಬಿದ್ದರೂ ಕೇಳುವ ಆ ಕೋಣೆಯಲ್ಲಿ ಅದು ಎಲ್ಲರಿಗೂ ಕೇಳಿಸಿತು.

ಆಗ ನನಗೆ ಅವಳ ಲೆಕ್ಕ ಅರ್ಥವಾಯಿತು. ಅವಳು ಅವನಿಗೆ ಮತ್ತೊಂದು ಅವಕಾಶ ಕೊಡುತ್ತಿದ್ದಳು. ಇದು ಮೇಜಿನ ಸಭೆಯಲ್ಲ, ಇಲ್ಲಿ ಅವನು ಕ್ಲರ್ಕ್ ಅಲ್ಲ, ಎದ್ದು ಮಾತಾಡಲು ಯಾವ ಅಡ್ಡಿಯೂ ಇಲ್ಲ. ಆಲ್ಫರ್ಡ್ ಏನು ಹೇಳಿದ್ದ ಅಂತ ಒಂದು ಸಾಲು ಹೇಳಿದರೆ ಸಾಕು. ಅವಳಿಗೆ ಮನೆ ವಾಪಸ್ ಬೇಕಿರಲಿಲ್ಲ. ಮಗುವನ್ನು ಅಲ್ಲಿಂದ ಎಬ್ಬಿಸುವವಳೂ ಅಲ್ಲ ಅವಳು. ಆ ಮಾತು ನಡೆದದ್ದು ಹೌದು ಅಂತ ಒಂದು ಬಾಯಿ ಹೇಳಬೇಕಿತ್ತು, ಅಷ್ಟೇ. ಹೇಳಿದ್ದರೆ ಅವಳು ಕೈ ಕೊಡುತ್ತಿದ್ದಳು. ನನ್ನ ಜಪಮಾಲೆಯನ್ನು ಜೇಬಿನೊಳಗೇ ಹಿಂಡಿ, ಏಳೋ, ಎದ್ದೇಳೋ ಮುದುಕಾ ಅಂತ ಬೇಡಿಕೊಂಡೆ.

ಲಿಂಡ್ಲಿಯ ತುಟಿ ಒಮ್ಮೆ ತೆರೆಯಿತು. ಅವನು ಮಕ್ಕಳನ್ನು ನೋಡಿದ, ಕಿಟಕಿ ನೋಡಿದ. ಆಮೇಲೆ ಎಡಕ್ಕೆ ತಿರುಗಿ, ಗ್ರೇಡನ್‌ನ ಕೈ ಹಿಡಿದು ಕುಲುಕಿದ.

ಅಷ್ಟಾದದ್ದೇ ತಡ, ಬೆಂಚುಗಳು ಕಿರುಗುಟ್ಟಿದವು. ಎಲ್ಲರೂ ಅಕ್ಕಪಕ್ಕದವರ ಕೈ ಕುಲುಕಿದರು, ನಮಸ್ಕಾರ ಹೇಳಿದರು, ದಿನ ಬೆಚ್ಚಗಾಗುತ್ತಿದೆ ಅಂದರು. ಮಕ್ಕಳು ಸೀದ ವಾಸನೆಯ ಕಡೆಗೆ ನಗುತ್ತಾ ಓಡಿದರು. ಲಿಂಡ್ಲಿ ಟೋಪಿ ಹಾಕಿಕೊಂಡು ಪಕ್ಕದ ಬಾಗಿಲಿಂದ ಹೊರಟುಹೋದ. ಕೋಣೆ ಖಾಲಿಯಾಯಿತು. ಟೇಸಿ ಒಬ್ಬಳೇ ಎದುರು ಬೆಂಚಿನಲ್ಲಿ ಕೂತಿದ್ದಳು, ಕೈಗಳು ಮಡಿಲಲ್ಲಿ ಹಾಗೆಯೇ.

ನಾನು ಹೋಗಿ ಪಕ್ಕದಲ್ಲಿ ಕೂತೆ. ಆ ಬೆಂಚಿನಲ್ಲಿ ನನ್ನಂಥವಳು ಕೂರುವ ಹಾಗಿಲ್ಲ, ಕೂತೆ. ಬೈಗುಳ ಬಾಯಿ ತುದಿಗೆ ಬಂದಿತ್ತು, ಅವಳ ಮುಖ ನೋಡಿ ನುಂಗಿಕೊಂಡೆ.

“ಆ ಕಡೆನೂ ಒಂದು ಕೈ ಇದೆ ಅಂತ ನಂಗೆ ಹೊಳೀಲೇ ಇಲ್ಲ, ಲುಡಿ,” ಅಂದಳು.

ಆಮೇಲೆ ಎದ್ದು, ಸೀದ ಮಡಕೆ ಉಜ್ಜಲು ಅಡುಗೆಮನೆಗೆ ಹೋದಳು.